ಓಡುವ ಎಂಜಿನ್ ಬಿಟ್ಟು, ನಿಂತ ಎಂಜಿನ್ ಕೊಂಡದ್ದು

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ಗೆ ಬದಲಿ ಹುಡುಕುತ್ತಿದ್ದೇನೆ ಅಂದರೆ ಎಲ್ಲರದೂ ಒಂದೇ ಮಾತು: ಸ್ಟಾರ್ಟ್ ಮಾಡಿಸಿ, ಶಬ್ದ ಕೇಳಿ ತಗೊಳ್ಳಿ. ಎರಡು ಸಲ ಹಾಗೇ ಕೇಳಿ ತಗೊಂಡೆ, ಎರಡು ಸಲವೂ ಕೈ ಸುಟ್ಟುಕೊಂಡೆ. ಮೂರನೆಯದು ವರ್ಷಗಟ್ಟಲೆ ನಿಂತು ಜಾಮ್ ಆಗಿದ್ದ ಎಂಜಿನ್. ಪುಲ್ಲಿ ನಟ್ಟಿಗೆ ಉದ್ದನೆಯ ಪೈಪ್ ಹಾಕಿ ಎಳೆದರೂ ಅಲ್ಲಾಡುತ್ತಿರಲಿಲ್ಲ. ನೋಡಿದವರೆಲ್ಲ ನಕ್ಕರು. ಅದು ಈಗ ಹನ್ನೊಂದು ಸಾವಿರ ಕಿ.ಮೀ. ಮೇಲೆ ಓಡಿದೆ. ಏರು ಹತ್ತಿಸಿ ಬಂದು ನಿಲ್ಲಿಸಿದಾಗಲೂ ಐಡಲ್‌ನಲ್ಲಿ ಆಯಿಲ್ ಪ್ರೆಶರ್ 20 ಪೌಂಡ್‌ಗಿಂತ ಕೆಳಗೆ ಬಂದಿಲ್ಲ.

ಮೊದಲು ಸೋತ ಕಥೆ. ಒಂದನೆಯ ಎಂಜಿನ್ ಅರ್ಧ ಸೆಲ್ಫಿಗೇ ಎದ್ದಿತು, ಪ್ರೆಶರ್ 50ರ ಮೇಲೆ. ನೋಡಲು ಹೋದಾಗಲೇ ಬ್ಲಾಕ್ ಬೆಚ್ಚಗಿತ್ತು, ಅಂದರೆ ಮೊದಲೇ ಓಡಿಸಿ ಇಟ್ಟಿದ್ದರು, ಅದನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ತಂದು ಚೇಂಬರ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಬೋಲ್ಟ್ ಬಿಚ್ಚಿದರೆ ಎಣ್ಣೆ ಜೋನಿಬೆಲ್ಲದ ಹಾಗೆ ಇಳಿಯಿತು, ಪ್ರೆಶರ್ ಏರಿಸಿ ತೋರಿಸಿದ್ದು ಆ ದಪ್ಪ ಎಣ್ಣೆಯೇ. ಮಾಮೂಲು 20ಡಬ್ಲ್ಯೂ-50 ಹಾಕಿ ಓಡಿಸಿದಾಗ ಬಿಸಿ ಐಡಲ್‌ನಲ್ಲಿ ಮುಳ್ಳು 5ಕ್ಕೆ ಬಿತ್ತು. ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) ಹಿಡಿದಿರುವ ಮೇನ್ ಕ್ಯಾಪ್ ತೆಗೆದು ಶೆಲ್ (ಬೇರಿಂಗ್ ಚಿಪ್ಪು) ಬೆನ್ನು ತಿರುಗಿಸಿದರೆ 040 ಎಂದು ಗುದ್ದಿತ್ತು. ಅಂದರೆ ಕ್ರ್ಯಾಂಕನ್ನು ಆಗಲೇ 40 ಥೌ ಸವೆಸಿದ ಗುರುತು; ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ. ಫಾರ್ಟಿ ಸೈಜ್ ಆದಮೇಲೆ ಈ ಕ್ರ್ಯಾಂಕಿಗೆ ಇನ್ನೊಂದು ಸೈಜ್ ಇಲ್ಲ, ಅದನ್ನೂ ಸವೆಸಿಯಾಗಿತ್ತು.

ಎರಡನೆಯದಕ್ಕೆ ಜಾಣನಾದೆ ಅಂದುಕೊಂಡು ಕಂಪ್ರೆಶನ್ ಗೇಜ್ ತಗೊಂಡು ಹೋದೆ. ನಾಲ್ಕಕ್ಕೂ 130ರ ಆಸುಪಾಸು. ಮುನ್ನೂರು ಕಿ.ಮೀ. ದಾಟುವಷ್ಟರಲ್ಲಿ ರೇಡಿಯೇಟರ್‌ನಲ್ಲಿ ಗುಳ್ಳೆ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಎತ್ತಿದರೆ 2 ಮತ್ತು 3ನೇ ಎಕ್ಸಾಸ್ಟ್ ವಾಲ್ವ್ ಸೀಟುಗಳ ಬಳಿ ಕೂದಲೆಳೆಯಂಥ ಬಿರುಕು, ಒಳಗೆ ಸೋರಿಕೆ ಮುಚ್ಚುವ ಪುಡಿ ತುಂಬಿದ್ದ ಗುರುತು. ಈ ಹೆಡ್ಡಿನಲ್ಲಿ ಮಧ್ಯದ ಎರಡು ಸಿಲಿಂಡರ್‌ಗೂ ಸೇರಿ ಒಂದೇ ಎಕ್ಸಾಸ್ಟ್ ಕಿಂಡಿ, ಅತಿ ಬಿಸಿಯಾಗುವ ಜಾಗ ಅದೇ. ತಣ್ಣಗಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ, ಐದು ನಿಮಿಷ ಓಡಿಸಿ ತೋರಿಸುವವನಿಗೆ ಅಷ್ಟು ಸಾಕು. ಆ ಹೆಡ್ಡಿಗೆ ಬೀಡಿನ (ಎರಕದ ಕಬ್ಬಿಣದ) ವೆಲ್ಡಿಂಗ್ ಮಾಡಿಸಿದೆ. ಪೂರ್ತಿ ಹೆಡ್ ಕಾಯಿಸದೆ ಮಾಡಿದ ಕೆಲಸ. ಮೂರು ತಿಂಗಳಿಗೆ ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಗೆರೆ ಬಿಟ್ಟಿತು.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಓಡುವ ಎಂಜಿನ್ ಮಾರುವವನು ಚೇಂಬರ್ ಇಳಿಸಲು ಬಿಡುವುದಿಲ್ಲ. ಜಾಮ್ ಎಂಜಿನ್ ಮಾರುವವನು ಅದನ್ನು ತೂಕಕ್ಕೆ ಹಾಕಲು ಕೂತಿರುತ್ತಾನೆ, ಅಲ್ಲೇ ಬಿಚ್ಚಿ ನೋಡ್ಕೋ ಅನ್ನುತ್ತಾನೆ. ಹೇಗೂ ಬೋರು (ಪಿಸ್ಟನ್ ಓಡಾಡುವ ಕೊಳವೆ), ಕ್ರ್ಯಾಂಕು ಲೇತ್‌ಗೆ ಹೋಗಲೇಬೇಕು. ಹಾಗಿದ್ದ ಮೇಲೆ ನಾವು ಕಾಸು ಕೊಡಬೇಕಾದ್ದು ಅದರಲ್ಲಿ ಎಷ್ಟು ಸೈಜ್ ಉಳಿದಿದೆ, ಅಂದರೆ ಇನ್ನೆಷ್ಟು ಸಲ ಸವೆಸಬಹುದು ಅನ್ನುವುದಕ್ಕೆ. ಕಾರ್ಖಾನೆಯಿಂದ ಬಂದಮೇಲೆ ಯಾರ ಸ್ಪ್ಯಾನರೂ ತಾಗದೆ ನಿಂತುಹೋದ ಎಂಜಿನ್ ಸಿಕ್ಕರೆ ಅದರಷ್ಟು ಲಾಭ ಬೇರೆ ಇಲ್ಲ. ಗುರುತು ಸುಲಭ: ಹೆಡ್ ನಟ್ಟಿನ ಮೂಲೆಗಳು ಉರುಟಾಗಿರಬಾರದು, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ತುದಿ) ಲಾಕ್ ವಾಷರ್‌ಗಳು ಒಂದೇ ಸಲ ಮಡಚಿದಂತಿರಬೇಕು, ಪ್ಯಾಕಿಂಗ್ ಅಂಚಿನಲ್ಲಿ ಕೆಂಪು ಅಂಟು ಹೊರಗೆ ಬಂದಿರಬಾರದು.

ಒಂದು ಎಚ್ಚರ. ಅದೇ 1489 ಸಿಸಿಯ ಡೀಸೆಲ್ ಬ್ಲಾಕನ್ನು "ಎಲ್ಲಾ ಒಂದೇ ಸಾರ್" ಎಂದು ದಾಟಿಸಲು ನೋಡುತ್ತಾರೆ, ಬೇಡ. ಇಸುಜು 1817 ಸಿಸಿ ಎಂಜಿನ್ ಜಾತಿಯೇ ಬೇರೆ. ಅದು ಬೇಕಿದ್ದರೆ ಗೇರ್‌ಬಾಕ್ಸ್ ಸಮೇತ ತಗೋಬೇಕು. ಹಳೆಯ ಮಾರಿಸ್, ಎಂ.ಜಿ. ಕಾರುಗಳ ಬಿ ಸೀರೀಸ್ ಎಂಜಿನ್‌ಗಳು ಹತ್ತಿರದ ನೆಂಟರೇ, ಆದರೆ ಮುಂದಿನ ಮೌಂಟಿಂಗ್ ಪ್ಲೇಟು, ಹಿಂದಿನ ಪ್ಲೇಟು ಕಾರಿನಿಂದ ಕಾರಿಗೆ ಬೇರೆ. ಹಾಗಾಗಿ ನಮ್ಮ ಹಳೇ ಎಂಜಿನ್‌ನ ಎರಡೂ ಪ್ಲೇಟನ್ನು ಗುಜರಿಗೆ ಹಾಕುವ ಆತುರ ಬೇಡ.

ಬಿಚ್ಚಿ ನೋಡುವಾಗ ನಾನು ಚೇಂಬರ್‌ನಿಂದ ಶುರು ಮಾಡುತ್ತೇನೆ. ತಳದ ಕೆಸರನ್ನು ಬೆರಳಿನಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ, ಬೂದು ಮಿನುಗು ಬೇರಿಂಗಿನದು, ತಾಮ್ರದ ಬಣ್ಣ ಕಂಡರೆ ಶೆಲ್‌ನ ಮೇಲ್ಪದರ ಹೋಗಿ ಒಳಪದರ ಬಂದಿದೆ ಅಂತ. ಆಮೇಲೆ ನಡುವಿನ ಮೇನ್ ಕ್ಯಾಪ್. ಇದಕ್ಕಿರುವುದು ಮೂರೇ ಮೇನ್ ಬೇರಿಂಗ್, ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಕೂರುವುದೂ ನಡುವಿನದರಲ್ಲೇ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಿದ ಕಾರಿನ ಎಂಜಿನ್ ಆದರೆ ಆ ವಾಷರ್ ಕಾಗದದಷ್ಟು ತೆಳ್ಳಗಾಗಿರುತ್ತದೆ, ಕೆಲವು ಸಲ ಕ್ಯಾಪಿನ ಮುಖವನ್ನೇ ತಿಂದಿರುತ್ತದೆ. ವಾಷರ್ ಬದಲಾಯಿಸಬಹುದು, ಕ್ಯಾಪ್ ಸವೆದಿದ್ದರೆ ಬಿಟ್ಟು ಬನ್ನಿ. ಮೇನ್ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) 2 ಇಂಚು, ಬಿಗ್ ಎಂಡ್ ಒಂದೂ ಮುಕ್ಕಾಲು ಇಂಚು ಮತ್ತು ಒಂದು ನೂಲು ಸೇರಿಸಿದಷ್ಟು, ಅಂದರೆ 1.875. ಮೈಕ್ರೋಮೀಟರ್ ಇಲ್ಲದಿದ್ದರೆ ಶೆಲ್‌ನ ಬೆನ್ನೇ ಸಾಕ್ಷಿ. ನನಗೆ ಸಿಕ್ಕ ಶೆಲ್‌ನಲ್ಲಿ ಸೈಜಿನ ಗುರುತೇ ಇರಲಿಲ್ಲ. ಸ್ಟ್ಯಾಂಡರ್ಡ್, ಒಮ್ಮೆಯೂ ಸವೆಸದ ಕ್ರ್ಯಾಂಕ್! ಮುಖ ಮಾತ್ರ ಸಪ್ಪಗೆ ಇಟ್ಟುಕೊಂಡೆ.

ಜಾಮ್ ಬಿಡಿಸಿ ಪಿಸ್ಟನ್ ಹೊರತೆಗೆದ ಮೇಲೆ ಬೋರ್ ಗೇಜ್ ಇಲ್ಲದೆ ಸವೆತ ನೋಡುವುದು ಹೀಗೆ. ಅದೇ ಸೈಜಿನ ಒಂದು ಪಿಸ್ಟನ್ ರಿಂಗನ್ನು ಬೋರಿನ ತಳದಲ್ಲಿ, ರಿಂಗ್ ಓಡಾಡದ ಜಾಗದಲ್ಲಿ ನೆಟ್ಟಗೆ ಕೂರಿಸಿ ಅದರ ಎರಡು ತುದಿಗಳ ನಡುವಿನ ಗ್ಯಾಪ್ ಅಳೆಯಿರಿ. ಅದೇ ರಿಂಗನ್ನು ಮೇಲೆ, ರಿಡ್ಜ್ (ಸವೆಯದೆ ಉಳಿದ ಮೇಲಂಚು) ಕೆಳಗೆ ತಂದು ಇನ್ನೊಮ್ಮೆ ಅಳೆಯಿರಿ. ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಅಷ್ಟು ಬೋರ್ ಅಗಲವಾಗಿದೆ ಅಂತ. ನನ್ನದರಲ್ಲಿ ತಳದಲ್ಲಿ 14 ಥೌ, ಮೇಲೆ 33. ಅಂದರೆ 6 ಥೌ ಸವೆತ. 73 ಎಂಎಂ ಬೋರಿಗೆ ಅದು ಅಂಚಿನ ಲೆಕ್ಕ, ಹೋನ್ ಹೊಡೆದು (ಒಳಮೈ ಉಜ್ಜಿ) ರಿಂಗ್ ಹಾಕಿ ಓಡಿಸುವವರೂ ಇದ್ದಾರೆ. ಆದರೆ 3ನೇ ಬೋರಿನಲ್ಲಿ ರಿಂಗ್ ಅಂಟಿದ್ದ ಕಡೆ ತುಕ್ಕು ಗುಳಿ ಬಿದ್ದಿತ್ತು. ಟ್ವೆಂಟಿಗೆ, ಅಂದರೆ 20 ಥೌ ಅಗಲಕ್ಕೆ, ಬೋರ್ ಮಾಡಿಸಿದೆ. ಇನ್ನೂ ಎರಡು ಸೈಜ್ ಉಳಿದಿದೆ.

ಪಿಸ್ಟನ್ ಪಿನ್ ಕಡೆ ಕಣ್ಣು ಹಾಯಿಸದೆ ಬರಬೇಡಿ. ಈ ಎಂಜಿನ್‌ನಲ್ಲಿ ಕನೆಕ್ಟಿಂಗ್ ರಾಡಿನ ತಲೆಯೇ ಸೀಳಿದ್ದು, ಒಂದು ಬೋಲ್ಟ್ ಪಿನ್ನನ್ನು ಬಿಗಿದು ಹಿಡಿದಿರುತ್ತದೆ. ಅದು ಸಡಿಲವಾದರೆ ಪಿನ್ ಅಡ್ಡಕ್ಕೆ ಸರಿದು ಬೋರನ್ನು ಮೇಲಿನಿಂದ ಕೆಳಗೆ ಉಳುತ್ತದೆ. ಅಂಥ ಗೆರೆ ಬೋರಿಂಗ್‌ನಲ್ಲೂ ಹೋಗುವುದಿಲ್ಲ, ಒಳಗೆ ಹೊಸ ಕೊಳವೆ (ಸ್ಲೀವ್) ಹಾಕುವುದೇ ಗತಿ.

ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಸುವ ಟ್ಯಾಪೆಟ್‌ಗಳು ಬ್ಲಾಕ್ ಪಕ್ಕದ ಮುಚ್ಚಳ ತೆಗೆದರೆ ಕೈಗೆ ಸಿಗುತ್ತವೆ. ತಳದ ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಮುಖ ಬಟ್ಟಲಾಗಿದೆ. ಹೊಸ ಕ್ಯಾಮ್ ಹಾಕಿದರೂ ಅದನ್ನು ತಿನ್ನುತ್ತದೆ. ನನ್ನವು ಎಂಟೂ ಚೆನ್ನಾಗಿದ್ದವು. ಎಂಟು ತೂತಿನ ಹಲಗೆಯಲ್ಲಿ ಸಾಲಾಗಿ ಇಟ್ಟು, ಅದದೇ ಲೋಬಿಗೆ ವಾಪಸ್ ಹಾಕಿದೆ.

ಹೆಡ್ ಬಿರುಕಿಗೆ ಸೀಮೆಎಣ್ಣೆ, ಸೀಮೆಸುಣ್ಣ. ಸೀಟಿನ ಸುತ್ತ ಲೋಹ ಕಾಣುವ ತನಕ ಬ್ರಶ್ ಹೊಡೆದು, ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಸುಣ್ಣದ ಪುಡಿ ಉಜ್ಜಬೇಕು. ಬಿರುಕಿದ್ದರೆ ಹತ್ತು ನಿಮಿಷದಲ್ಲಿ ಬಿಳಿ ಮೇಲೆ ಒದ್ದೆ ಗೆರೆ ಎದ್ದು ಬರುತ್ತದೆ. ಎರಡನೆಯ ಎಂಜಿನ್‌ಗೆ ಇಷ್ಟು ಮಾಡಿದ್ದರೆ ಸಾಕಿತ್ತು.

ಜಾಮ್ ಬಿಡಿಸಿದ್ದು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಎಣ್ಣೆ ಅರ್ಧರ್ಧ. ಹೆಡ್ ತೆಗೆದು ನಾಲ್ಕೂ ಬೋರಿಗೆ ಸುರಿದು, ಆವಿ ಹೋಗದಂತೆ ಮುಚ್ಚಿ, ದಿನಾ ಮೇಲಿಂದ ತುಂಬಿಸಿದೆ. ಬೆಂಕಿಯ ಹತ್ತಿರ ಬೇಡ. ಮೂರನೆಯದೊಂದು ಪದಾರ್ಥವನ್ನೂ ನಾನು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಇಲ್ಲದೆಯೂ ಬಿಡುತ್ತದೆ, ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ ಅಷ್ಟೆ. ಒಂಬತ್ತನೆಯ ದಿನ ಫ್ಲೈವೀಲ್ ಹಲ್ಲಿಗೆ ಬಾರ್ ಕೊಟ್ಟು ಹಿಂದಕ್ಕೊಂದು ಚೂರು, ಮುಂದಕ್ಕೊಂದು ಚೂರು ಒತ್ತಿದಾಗ "ಟಕ್" ಎಂದಿತು. ಸೆಲ್ಫ್ ಕೊಟ್ಟು ಬಿಡಿಸಲು ಹೋದರೆ ರಿಂಗ್ ಮುರಿಯುತ್ತದೆ. ಪಿಸ್ಟನ್ ಮೇಲೆ ಸುತ್ತಿಗೆಯೂ ಬೇಡ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಬಹುದು.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಬ್ಲಾಕಿನ ತುಕ್ಕು ತೆಗೆಯಲು ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ನೀರು, ಚಾರ್ಜರ್‌ನ ನೆಗೆಟಿವ್ ಬ್ಲಾಕಿಗೆ, ಪಾಸಿಟಿವ್ ಹಳೇ ಕಬ್ಬಿಣದ ತಗಡಿಗೆ, 4-5 ಆಂಪಿಯರ್, ಎರಡು ದಿನ. ಹೊರಮೈ ಹೊಸದರಂತೆ ಬಂತು, ನೀರಿನ ಜಾಕೆಟ್ ಒಳಗೆ ಏನೂ ಆಗಲಿಲ್ಲ; ತಗಡಿಗೆ ಎದುರಾಗಿರುವ ಮುಖವಷ್ಟೇ ಸ್ವಚ್ಛವಾಗುವುದು. ಕೊನೆಗೆ ಬ್ಲಾಕಿನ ನೀರಿನ ತೂತು ಮುಚ್ಚುವ ಕೋರ್ ಪ್ಲಗ್‌ಗಳನ್ನು ತೆಗೆದು, ತುದಿ ಬಿಡಿಸಿದ ಸೈಕಲ್ ಬ್ರೇಕ್ ಕೇಬಲನ್ನು ಡ್ರಿಲ್ಲಿಗೆ ಕಚ್ಚಿಸಿ ಆ ತೂತುಗಳಿಂದ ತಿರುಗಿಸಿದೆ. 4ನೇ ಸಿಲಿಂಡರ್ ಹಿಂದಿನಿಂದಲೇ ಎರಡು ಬೊಗಸೆ ತುಕ್ಕು ಬಂತು. ಸೋಡಾ ಪ್ರಯೋಗ ಮಾಡುವವರು ಸ್ಟೇನ್‌ಲೆಸ್ ಸ್ಟೀಲ್ ತಗಡು ಬಳಸಬೇಡಿ, ನೀರು ವಿಷವಾಗುತ್ತದೆ. ಹೈಡ್ರೋಜನ್ ಏಳುತ್ತದೆ, ಬಯಲಲ್ಲೇ ಮಾಡಿ. ಅಲ್ಯೂಮಿನಿಯಂ ಭಾಗ ಅದರೊಳಗೆ ಬಿದ್ದರೆ ಕರಗಿತೆಂದೇ ಲೆಕ್ಕ.

ಕಾಸಿನ ಮಾತು. ಓಡುವ ಎಂಜಿನ್‌ಗೆ ನಾಲ್ಕು ಪಾಲು ಅಂದರೆ ಜಾಮ್ ಎಂಜಿನ್ ಒಂದು ಪಾಲಿಗೆ ಬಂತು. ಬೋರಿಂಗ್, ಟೆನ್‌ಗೆ ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಸೀಟು, ಹೆಡ್ ಫೇಸಿಂಗ್ ಸೇರಿ ಎರಡೂವರೆ. ಪಿಸ್ಟನ್, ರಿಂಗ್, ಶೆಲ್, ಟೈಮಿಂಗ್ ಚೈನ್, ಪ್ಯಾಕಿಂಗ್ ಸೆಟ್ ಮೂರು. ಸಾಗಣೆ, ಎಣ್ಣೆ, ಚಿಲ್ಲರೆ ಅರ್ಧ. ಒಟ್ಟು ಏಳು. ದುಬಾರಿ ಅನ್ನುವವರಿಗೆ: ಮೊದಲ ಎರಡು ಎಂಜಿನ್‌ಗೆ ಸುರಿದು, ಗುಜರಿಗೆ ಮಾರಿ ಬಂದದ್ದನ್ನು ಕಳೆದರೆ ನನಗಾದ ನಷ್ಟವೂ ಹೆಚ್ಚುಕಡಿಮೆ ಏಳೇ. ಲೇತ್‌ನವರಿಗೆ ಪಿಸ್ಟನ್ ಕೈಗೆ ಕೊಡದೆ ಬೋರ್ ಮಾಡಿಸಬೇಡಿ. ಡಬ್ಬಿ ಮೇಲೆ ಟ್ವೆಂಟಿ ಎಂದಿದ್ದರೂ ನನ್ನ ನಾಲ್ಕರಲ್ಲಿ ಒಂದು ಪಿಸ್ಟನ್ ಅರ್ಧ ಥೌ ದಪ್ಪ ಇತ್ತು.

ದುಡ್ಡು ಕೊಡುವ ಮೊದಲು ಕಾಗದ. ಬ್ಲಾಕ್ ಮೇಲಿನ ನಂಬರ್ ಉಜ್ಜಿದಂತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಎಂಜಿನ್ ನಂಬರ್ ಬರೆದ ಬಿಲ್ಲು, ಆ ಎಂಜಿನ್ ಇದ್ದ ಕಾರಿನ ಆರ್‌ಸಿ ಪ್ರತಿ, ಎರಡೂ ಕೈಗೆ ಬರಲಿ. ನಮ್ಮ ಆರ್‌ಸಿಯಲ್ಲಿ ನಂಬರ್ ತಿದ್ದಿಸುವಾಗ ಇವಿಲ್ಲದೆ ಮಾತೇ ಶುರುವಾಗುವುದಿಲ್ಲ.

ಜೋಡಣೆ ನಿಮಗೆ ಗೊತ್ತಿರುವುದೇ, ಎರಡು ಮಾತು ಮಾತ್ರ. ಆಯಿಲ್ ಪಂಪನ್ನು ಒಣಗಿಸಿ ಹಾಕಿದರೆ ಅದು ಎಣ್ಣೆ ಎಳೆಯುವುದಿಲ್ಲ, ಒಳಗೆ ವ್ಯಾಸಲೀನ್ ತುಂಬಿಯೇ ಕೂರಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಸೆಲ್ಫ್‌ನಲ್ಲಿ ತಿರುಗಿಸಿ, ಗೇಜ್ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ. ನನ್ನದು ಅರ್ಧ ನಿಮಿಷದೊಳಗೆ ಎದ್ದಿತು. ಗೇರ್‌ಬಾಕ್ಸ್ ಜೋಡಿಸುವ ಮುಂಚೆ ಕ್ರ್ಯಾಂಕ್ ಹಿಂಬದಿಯ ಸ್ಪಿಗಾಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಬಳೆ) ಬದಲಿಸಿ. ಅದನ್ನು ಮರೆತು ನಾನು ಒಂದೂವರೆ ಕ್ವಿಂಟಾಲ್ ಎಂಜಿನ್ನನ್ನು ಎರಡು ಸಲ ಎತ್ತಿ ಇಳಿಸಿದೆ.

ಹಿಂದಿನಿಂದ ಎಣ್ಣೆ ಈಗಲೂ ತೊಟ್ಟಿಕ್ಕುತ್ತದೆ. ಅಲ್ಲಿ ರಬ್ಬರ್ ಸೀಲ್ ಇಲ್ಲ, ಕ್ರ್ಯಾಂಕ್ ಮೇಲಿನ ಸುರುಳಿ ಗೆರೆಯೇ ಎಣ್ಣೆಯನ್ನು ಒಳಕ್ಕೆ ತಳ್ಳಬೇಕು, ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ. ರಾತ್ರಿಗೆ ಏಳೆಂಟು ಹನಿ, ಕೆಳಗೊಂದು ತಟ್ಟೆ. ಮೊದಲ ಎಂಜಿನ್‌ನಲ್ಲಿ ರಿಂಗ್ ಸೋತು ಗಾಳಿ ಚೇಂಬರಿಗೆ ನುಗ್ಗಿ ತಳ್ಳುತ್ತಿದ್ದಾಗ ಆ ತಟ್ಟೆ ಮೂರು ದಿನಕ್ಕೆ ತುಂಬುತ್ತಿತ್ತು.