ಪ್ಲೇಟ್‌ಲೆಟ್ ಕಡಿಮೆ ಇದ್ದವರು ವಿಟಮಿನ್ ಡಿ ಸರಿ ಮಾಡಿಕೊಳ್ಳುವುದು ಹೇಗೆ?

ಅಕ್ಕನ ಪಾದದ ಮೇಲೆ ಮೊದಲು ಕಂಡದ್ದು ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕಿಗಳು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆವು. ಆದರೆ ತುರಿಕೆ ಇರಲಿಲ್ಲ, ಬೆರಳಿನಿಂದ ಒತ್ತಿದರೂ ಬಣ್ಣ ಮಾಸಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಬರೀ 14 ಸಾವಿರ. ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಡೆಂಗಿ ಅಲ್ಲ ಅಂತ ಗೊತ್ತಾದ ಮೇಲೆ ಡಾಕ್ಟರು ಹೇಳಿದ ಹೆಸರು ಐಟಿಪಿ. ದೇಹವನ್ನು ಕಾಯಬೇಕಾದ ಪಡೆಯೇ ದಾರಿ ತಪ್ಪಿ, ನಮ್ಮದೇ ಪ್ಲೇಟ್‌ಲೆಟ್‌ಗಳನ್ನು ಹೊಡೆದು ಹಾಕುವ ಕಾಯಿಲೆ ಇದು.

ಕೆಲವು ದಿನಗಳ ನಂತರ ಇನ್ನೊಂದು ರಿಪೋರ್ಟ್ ಬಂತು. ವಿಟಮಿನ್ ಡಿ 11, ಅಂದರೆ ಕೊರತೆ. ಮನೆಯವರಿಗೆಲ್ಲ ಒಂದೇ ಆಸೆ: ಡಿ ಏರಿಸಿದರೆ ಪ್ಲೇಟ್‌ಲೆಟ್ ಕೂಡ ಏರುತ್ತದೆ ಅಲ್ವಾ?

ಆ ಆಸೆ ತೀರಾ ಆಧಾರವಿಲ್ಲದ್ದಲ್ಲ. ರೋಗನಿರೋಧಕ ಕಣಗಳ ಮೇಲೂ ವಿಟಮಿನ್ ಡಿ ಕೆಲಸ ಮಾಡುತ್ತದೆ. ಐಟಿಪಿ ಇರುವವರಲ್ಲಿ ಡಿ ಮಟ್ಟ ಬೇರೆಯವರಿಗಿಂತ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ಐದು ವರ್ಷ ನಡೆದ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 2000 ಯೂನಿಟ್ ಡಿ ತೆಗೆದುಕೊಂಡವರಲ್ಲಿ ಆಟೊಇಮ್ಯೂನ್ ಕಾಯಿಲೆಗಳು (ಐಟಿಪಿಯಂತೆ ದೇಹದ ಪಡೆ ತನ್ನ ಮೇಲೇ ತಿರುಗಿಬೀಳುವಂಥವು) ಹೊಸದಾಗಿ ಬರುವುದು ಶೇಕಡಾ 22ರಷ್ಟು ಕಡಿಮೆಯಾಗಿತ್ತು. ಆದರೆ ಅದು ಕಾಯಿಲೆ ಬರದಂತೆ ತಡೆಯುವ ಮಾತು. ಬಂದದ್ದನ್ನು ಡಿ ಒಂದೇ ವಾಸಿ ಮಾಡುತ್ತದೆ ಅನ್ನಲು ಆಧಾರವಿಲ್ಲ. ಕಾಯಿಲೆ ಬಿದ್ದವರು ಮನೆಯಿಂದ ಹೊರಗೆ ಹೋಗುವುದೇ ಕಡಿಮೆ. ಅದರಿಂದಲೂ ಡಿ ಇಳಿಯುತ್ತದೆ.

ಹಾಗಾದರೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಮೂಳೆಗಾಗಿ. ಐಟಿಪಿಗೆ ಮೊದಲು ಕೊಡುವ ಔಷಧಿ ಸ್ಟೀರಾಯ್ಡ್. ಅದು ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ಹೊಸ ಮೂಳೆ ಕಟ್ಟುವುದನ್ನೂ ನಿಧಾನ ಮಾಡುತ್ತದೆ. ಜೊತೆಗೆ ಡಿ ಕೂಡ ಇಲ್ಲದಿದ್ದರೆ ಮೂಳೆಗೆ ಎರಡು ಕಡೆಯಿಂದ ಹೊಡೆತ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಬಿದ್ದು ಮೂಳೆ ಮುರಿದರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಮೊದಲು ಸರಿಯಾದ ಪರೀಕ್ಷೆ

ಚೀಟಿಯಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಇರಬೇಕು. ಹೆಸರಲ್ಲಿ ಹೋಲುವ 1,25 ಅನ್ನುವುದು ಬೇರೆ ಪರೀಕ್ಷೆ. ಕೊರತೆ ತಿಳಿಯಲು ಅದು ಬೇಡ. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ಕೆಲವು ಯಂತ್ರಗಳಲ್ಲಿ ಅದರಿಂದ ಡಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ರಕ್ತ ತೆಗೆದ ಜಾಗವನ್ನು ಹತ್ತಿಯಿಂದ ಐದು ನಿಮಿಷವಾದರೂ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಮೊಣಕೈ ಮಡಚಿ ಕೂರಲೂ ಬೇಡಿ. ಅಕ್ಕ ಮೊದಲ ಸಲ ಅರ್ಧ ನಿಮಿಷಕ್ಕೆ ಹತ್ತಿ ಬಿಸಾಡಿದ್ದಳು. ಸಂಜೆಗೆ ಆ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಸಂಖ್ಯೆ ಓದುವ ಬಗೆ

ನಮ್ಮ ಲ್ಯಾಬ್‌ಗಳು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಎಷ್ಟು ನ್ಯಾನೊಗ್ರಾಂ ಅಂತ ಬರೆಯುತ್ತವೆ. ಆ ಲೆಕ್ಕದಲ್ಲಿ 20ಕ್ಕಿಂತ ಕಡಿಮೆ ಇದ್ದರೆ ಕೊರತೆ. 30 ದಾಟಲೇಬೇಕು ಅನ್ನುವ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. 24 ಬಂದರೆ ಗಾಬರಿ ಬೇಡ. ವಿದೇಶದಲ್ಲಿರುವವರ ರಿಪೋರ್ಟಿನಲ್ಲಿ ನ್ಯಾನೊಮೋಲ್ ಲೆಕ್ಕ ಇರಬಹುದು. ಅದನ್ನು ಎರಡೂವರೆಯಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಅಲ್ಲಿನ 50 ನಮ್ಮ 20.

ಬಿಸಿಲಿಗೆ ಹೋಗುವ ಮುನ್ನ ಒಂದು ಪ್ರಶ್ನೆ

ಡಾಕ್ಟರನ್ನು ಕೇಳಿ: "ನನಗೆ ಲೂಪಸ್ ಇದೆಯಾ?" ದೇಹದ ಪಡೆ ಚರ್ಮ, ಕೀಲು, ಕಿಡ್ನಿ ಹೀಗೆ ಹಲವು ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಕೆಲವರಲ್ಲಿ ಪ್ಲೇಟ್‌ಲೆಟ್ ಇಳಿಯಲು ಕಾರಣ ಲೂಪಸ್ ಆಗಿರುತ್ತದೆ. ಅಂಥವರಿಗೆ ಬಿಸಿಲು ಕಾಯಿಲೆಯನ್ನು ಕೆರಳಿಸಬಹುದು. ಅವರು ಮಾತ್ರೆಯನ್ನೇ ನೆಚ್ಚಬೇಕು.

ಲೂಪಸ್ ಇಲ್ಲದವರಿಗೆ ಬಿಸಿಲು ಒಳ್ಳೆಯದೇ. ಆದರೆ ಎಳೆಬಿಸಿಲಲ್ಲಿ ಡಿ ಅಷ್ಟಾಗಿ ಹುಟ್ಟುವುದಿಲ್ಲ. ಬೆಳಗ್ಗೆ ಹತ್ತು ಹನ್ನೊಂದರಿಂದ ಮಧ್ಯಾಹ್ನ ಎರಡು ಮೂರರವರೆಗಿನ ಬಿಸಿಲಿನಲ್ಲಿ ಅದಕ್ಕೆ ಬೇಕಾದ ಕಿರಣ ಇರುತ್ತದೆ. ಕಿಟಕಿಯ ಗಾಜಿನೊಳಗೆ ಅದು ಬರುವುದಿಲ್ಲ. ಮೈಬಣ್ಣ ಕಪ್ಪಾದಷ್ಟೂ ಜಾಸ್ತಿ ಹೊತ್ತು ಬೇಕು. ಬಂಗುಡೆ, ಬೂತಾಯಿ, ಮೊಟ್ಟೆಯ ಹಳದಿಯಲ್ಲಿ ಒಂದಿಷ್ಟು ಡಿ ಇದೆ. ಆದರೆ 11ಕ್ಕೆ ಇಳಿದವರಿಗೆ ಬಿಸಿಲು, ಊಟ ಎರಡೂ ಸಾಲುವುದಿಲ್ಲ.

ನುಂಗುವ ಔಷಧಿ ಇರಲಿ, ಸೂಜಿ ಬೇಡ

ಡಿ ಇಂಜೆಕ್ಷನ್ನನ್ನು ಸ್ನಾಯುವಿಗೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್ ಕಡಿಮೆ ಇದ್ದವರಿಗೆ ಅಲ್ಲಿ ಒಳಗೊಳಗೇ ರಕ್ತ ಸೋರಿ ಗಡ್ಡೆ ಕಟ್ಟಬಹುದು. "ಒಂದೇ ಸೂಜಿ, ಕೆಲಸ ಮುಗೀತು" ಅಂತ ಯಾರಾದರೂ ಹೇಳಿದರೆ, ನಿಮ್ಮ ಪ್ಲೇಟ್‌ಲೆಟ್ ಎಷ್ಟು ಅಂತ ಮೊದಲು ಹೇಳಿ.

ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಬರೆಯುವುದು 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್. ವಾರಕ್ಕೆ ಒಂದು, ಎಂಟು ವಾರ. ವಾರಕ್ಕೆ ಅನ್ನುವುದನ್ನು ಗಟ್ಟಿಯಾಗಿ ನೆನಪಿಡಿ. ನಮ್ಮ ಮನೆಯಲ್ಲೇ ಎಡವಟ್ಟಾಯಿತು. ಚೀಟಿಯ ಅಕ್ಷರ ಅರ್ಥವಾಗದೆ ಅಕ್ಕ ನಾಲ್ಕು ದಿನ ದಿನಾ ಒಂದೊಂದು ತಿಂದಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಹಾಗೇ ತಿಂಗಳುಗಟ್ಟಲೆ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ವಾರದಲ್ಲಿ ಒಂದು ದಿನ ಗುರುತು ಮಾಡಿಕೊಳ್ಳಿ. ನಾವು ಭಾನುವಾರ ಇಟ್ಟುಕೊಂಡೆವು, ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆವು. ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಮಧ್ಯಾಹ್ನ ಊಟವಾದ ಕೂಡಲೇ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ.

ಎಲ್ಟ್ರೊಂಬೊಪ್ಯಾಗ್ ನುಂಗುವವರು ಇಲ್ಲಿ ನಿಲ್ಲಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಪ್ಲೇಟ್‌ಲೆಟ್ ಹೆಚ್ಚಿಸಲು ಕೊಡುವ ಎಲ್ಟ್ರೊಂಬೊಪ್ಯಾಗ್ ಮಾತ್ರೆಗೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಎರಡೂ ಅಂಟಿಕೊಂಡು ಔಷಧಿ ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾಗುತ್ತದೆ. ಡಿ ಒಂದೇ ಇದ್ದರೆ ತೊಂದರೆಯಿಲ್ಲ. ಆದರೆ ನಮ್ಮಲ್ಲಿ ಡಿ ಜೊತೆ ಕ್ಯಾಲ್ಸಿಯಂ ಸೇರಿಸಿದ ಮಾತ್ರೆಗಳೇ ಜಾಸ್ತಿ. ಹಾಲು, ಮೊಸರು, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್‌ಗೂ ಇದೇ ಮಾತು.

ಮತ್ತೆ ನಮ್ಮ ರಾಗಿ! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ಮಾತ್ರೆಯ ಹೊತ್ತಿನ ಊಟದಲ್ಲಿ ಕ್ಯಾಲ್ಸಿಯಂ 50 ಮಿಲಿಗ್ರಾಂ ದಾಟಬಾರದು. ಅಕ್ಕ ಮೊದಲ ಮೂರು ವಾರ ರಾಗಿ ಗಂಜಿಯ ಜೊತೆಗೇ ಅದನ್ನು ನುಂಗಿದ್ದಳು. ಗಂಜಿಗೆ ಹಾಲು ಬೇರೆ. ಅಷ್ಟು ದುಬಾರಿ ಮಾತ್ರೆ, ಪ್ಲೇಟ್‌ಲೆಟ್ ಮಾತ್ರ ಅಲ್ಲಾಡಲಿಲ್ಲ.

ಲೆಕ್ಕ ಇಷ್ಟೇ. ಕ್ಯಾಲ್ಸಿಯಂ ಇರುವುದನ್ನು ತಿಂದ ಮೇಲೆ ನಾಲ್ಕು ಗಂಟೆ ಬಿಟ್ಟು ಈ ಮಾತ್ರೆ. ಮಾತ್ರೆ ನುಂಗಿದ ಮೇಲೆ ಎರಡು ಗಂಟೆ ಬಿಟ್ಟು ಕ್ಯಾಲ್ಸಿಯಂ. ಅಕ್ಕ ಈಗ ಬೆಳಗ್ಗೆ ಆರಕ್ಕೆ ಬರೀ ನೀರಿನಲ್ಲಿ ಎಲ್ಟ್ರೊಂಬೊಪ್ಯಾಗ್ ನುಂಗುತ್ತಾಳೆ. ಎಂಟರವರೆಗೆ ಕಾಫಿ ಇಲ್ಲ. ಅದೊಂದೇ ಅವಳಿಗೆ ಕಷ್ಟ. ಮುದ್ದೆ ಮಧ್ಯಾಹ್ನಕ್ಕೆ, ಕ್ಯಾಲ್ಸಿಯಂ ಮಾತ್ರೆ ರಾತ್ರಿ ಊಟಕ್ಕೆ.

ನೋವಿಗೆ ಏನು ತಿನ್ನುತ್ತೀರಿ?

ಡಿ ಕಡಿಮೆಯಾದರೆ ಸೊಂಟ, ತೊಡೆ ನೋಯುತ್ತವೆ. ಅದಕ್ಕೆ ಸುಮ್ನೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ತರಬೇಡಿ. ಇರುವ ನಾಲ್ಕು ಪ್ಲೇಟ್‌ಲೆಟ್‌ಗಳೂ ಸರಿಯಾಗಿ ಕೆಲಸ ಮಾಡದಂತೆ ಇವು ತಡೆಯುತ್ತವೆ. ಪ್ಯಾರಾಸಿಟಮಾಲ್ ಆಗಬಹುದು, ಅದನ್ನೂ ಕೇಳಿಯೇ ತೆಗೆದುಕೊಳ್ಳಿ. ತಡೆಯಲಾರದ ತಲೆನೋವು, ನಿಲ್ಲದ ಮೂಗಿನ ರಕ್ತ, ಕಪ್ಪು ಮಲ ಕಂಡರೆ ಡಿ ವಿಷಯ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ

ಅದಕ್ಕೂ ಮೊದಲೇ ನೋಡಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಡಿ ಜೊತೆಗೆ ಕ್ಯಾಲ್ಸಿಯಂ ಪರೀಕ್ಷೆಯನ್ನೂ ಮಾಡಿಸಿ. ಸ್ಟೀರಾಯ್ಡ್ ಮೂರು ತಿಂಗಳು ಮೀರಿದ್ದರೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಬೇಕಾ ಅಂತ ಕೇಳಿ. ಮಟ್ಟ ಸರಿಯಾದ ಮೇಲೆ ದೊಡ್ಡ ಡೋಸ್ ನಿಲ್ಲಿಸಿ ಚಿಕ್ಕ ಡೋಸ್‌ಗೆ ಇಳಿಸುತ್ತಾರೆ.

ಅಕ್ಕನ ಡಿ 11ರಿಂದ 33ಕ್ಕೆ ಬಂತು. ಪ್ಲೇಟ್‌ಲೆಟ್ 60 ಸಾವಿರ ದಾಟಿತು. ಆದರೆ ಅದು ಏರಲು ಶುರುವಾದದ್ದು ಎಲ್ಟ್ರೊಂಬೊಪ್ಯಾಗ್ ನುಂಗುವ ಹೊತ್ತು ಬದಲಿಸಿದ ಮೇಲೆ. ಹಾಗಾಗಿ ಡಿಯಿಂದಲೇ ಏರಿತು ಅಂತ ನಾನು ಹೇಳಲಾರೆ. ಮಹಡಿ ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಂಡು ನಿಲ್ಲುವುದನ್ನು ಮಾತ್ರ ಅವಳು ಬಿಟ್ಟಿದ್ದಾಳೆ.