ಸಾಮಗ್ರಿಯ ದಾಖಲೆ: ಗೇಟಿನಿಂದ ಕೊನೆಯ ತುಂಡಿನವರೆಗೆ

ಸ್ಟೇನ್‌ಲೆಸ್ ಸ್ಟೀಲಿನ 304 ಮತ್ತು 316 ಗ್ರೇಡುಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪುನೀರು ತಾಗುವ ಕಡೆ ಅದು ಹೆಚ್ಚು ಬಾಳುತ್ತದೆ. ಈ ಭೇದವನ್ನು ಕಾರ್ಖಾನೆಯೊಳಗೆ ಉಳಿಸಿಕೊಡುವುದು ದಾಖಲೆ.

ಮೊದಲು ಪ್ರತಿ ಸಾಮಗ್ರಿಗೂ ಒಂದೇ ಸಂಕೇತ ಸಂಖ್ಯೆ ಕೊಡಿ. ಅದರಡಿ ಗ್ರೇಡ್, ಅನ್ವಯಿಸುವ ಮಾನದಂಡ, ಅಳತೆ ಮತ್ತು ಲೆಕ್ಕದ ಮಾನ ಇರಲಿ. ಖರೀದಿ ವಿಭಾಗ ಕಿಲೋಗ್ರಾಂನಲ್ಲೂ ಉಗ್ರಾಣ ಮೀಟರಿನಲ್ಲೂ ಬರೆದರೆ ದಾಸ್ತಾನು ಎಂದೂ ತಾಳೆಯಾಗದು.

ಸರಕು ಬಂದಾಗ ಲೋಹದ ಮೇಲಿನ ಹೀಟ್ ನಂಬರನ್ನು, ಅಂದರೆ ಕುಲುಮೆಯಲ್ಲಿ ಒಮ್ಮೆಗೆ ಕರಗಿಸಿದ ಲೋಹಕ್ಕೆ ಕೊಟ್ಟ ಸಂಖ್ಯೆಯನ್ನು, ತಯಾರಕರು ಕೊಡುವ ಟೆಸ್ಟ್ ಸರ್ಟಿಫಿಕೇಟಿನೊಂದಿಗೆ (ಪರೀಕ್ಷಾ ಪ್ರಮಾಣಪತ್ರ) ಹೋಲಿಸಿ. ಇಂಥ ಪ್ರಮಾಣಪತ್ರಗಳ ಬಗೆಗಳನ್ನು ಹೇಳುವ ಯುರೋಪಿನ ಮಾನದಂಡ ಇಎನ್ 10204ರ 3.1 ಮಾದರಿಯ ಪ್ರಮಾಣಪತ್ರದಲ್ಲಿ ಪೂರೈಸಿದ ಸರಕಿಗೇ ಸಂಬಂಧಿಸಿದ ಪರೀಕ್ಷಾ ಫಲಿತಾಂಶಗಳಿರುತ್ತವೆ; 2.2 ಮಾದರಿಯಲ್ಲಿ ಹಾಗಿರಬೇಕೆಂದಿಲ್ಲ. ಪ್ರಮಾಣಪತ್ರವನ್ನು ಫೈಲಿಗೆ ಸೇರಿಸಿದರೆ ಸಾಲದು, ಅದರ ಅಂಕಿಗಳು ಮಾನದಂಡದ ಮಿತಿಯೊಳಗಿವೆಯೇ ಎಂದು ಓದಿ ಸಹಿ ಹಾಕಬೇಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಕತ್ತರಿಸುವ ಹಂತದಲ್ಲಿ. ಸಂಖ್ಯೆಯನ್ನು ಹಾಳೆಯ ಒಂದು ಮೂಲೆಯಲ್ಲಷ್ಟೇ ಒತ್ತಿದ್ದರೆ, ಆ ಮೂಲೆ ಕೆಲಸಕ್ಕೆ ಹೋದೊಡನೆ ಉಳಿದ ಭಾಗ ಅನಾಮಧೇಯವಾಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಹೀಟ್ ನಂಬರನ್ನು ಪ್ರತಿ ತುಂಡಿಗೂ, ಉಗ್ರಾಣಕ್ಕೆ ಮರಳುವ ಉಳಿಕೆಗೂ ಬರೆದು, ಅದನ್ನೇ ಆ ಕೆಲಸದ ವಿವರವಿರುವ ಜಾಬ್ ಕಾರ್ಡಿನಲ್ಲಿ ನಮೂದಿಸಬೇಕು. ಗುರುತು ಕಳೆದ ತುಂಡನ್ನು ಊಹೆಯ ಮೇಲೆ ಬಳಸಲೇಬಾರದು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣ ಮಾಲಿಬ್ಡಿನಂ ತೋರಿಸೀತು, ಇಂಗಾಲವನ್ನು ಅಳೆಯಲಾರದು. ಹೀಗಾಗಿ 304 ಮತ್ತು ಅದರ ಕಡಿಮೆ ಇಂಗಾಲದ ರೂಪವಾದ 304ಎಲ್ ಬೇರ್ಪಡಿಸಲು ಅದು ನೆರವಾಗುವುದಿಲ್ಲ.

ಅಂಟು, ಬಣ್ಣ, ದ್ರಾವಕಗಳಿಗೆ ಬ್ಯಾಚ್ ಸಂಖ್ಯೆಯ ಜೊತೆ ಅವಧಿ ಮುಗಿಯುವ ದಿನಾಂಕವೂ ಬೇಕು. ಅವುಗಳ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ವಿಭಾಗಗಳಿರುತ್ತವೆ. ನಿರ್ವಹಣೆ ಮತ್ತು ಸಂಗ್ರಹದ ಬಗೆ ತಿಳಿಸುವ 7ನೆಯದು ಉಗ್ರಾಣದವರ ಕೈಗೆ ಸಿಗುವಂತಿರಲಿ.

ಪೂರೈಕೆದಾರರೋ ಗ್ರೇಡೋ ಬದಲಾದರೆ ಹಳೆಯ ನಮೂದನ್ನು ಅಳಿಸದೆ, ದಿನಾಂಕ ಹಾಕಿ ಹೊಸ ಆವೃತ್ತಿ ಸೇರಿಸಿ.

ವ್ಯವಸ್ಥೆಯನ್ನು ಪರೀಕ್ಷಿಸಲು ಸಿದ್ಧವಾದ ಒಂದು ಉತ್ಪನ್ನದಿಂದ ಅದರ ಹೀಟ್ ನಂಬರಿನವರೆಗೆ ಹಿಂದಕ್ಕೆ ಹೋಗಿ. ಬಳಿಕ ಆ ಹೀಟ್ ಬಳಕೆಯಾದ ಎಲ್ಲ ಉತ್ಪನ್ನಗಳನ್ನೂ ಪಟ್ಟಿಮಾಡಿ. ಲೋಹದಲ್ಲಿ ದೋಷವಿತ್ತೆಂದು ತಡವಾಗಿ ತಿಳಿದಾಗ ಬೇಕಾಗುವುದು ಈ ಎರಡನೆಯ ಪಟ್ಟಿ. ಹುಡುಕಾಟ ಎಲ್ಲಿ ನಿಂತುಹೋಯಿತೋ, ಮೊದಲು ಆ ಹಂತದ ನಮೂನೆಯನ್ನು ಸರಿಪಡಿಸಿ.