ಗೋಡೆಯಾಚೆ ಪ್ಯಾನಲ್ ರೂಮ್: ಕಾಂತಕ್ಷೇತ್ರ ಅಳೆಯುವುದು ಹೇಗೆ?

ಕಾಂಪೌಂಡಿಗೆ ತಾಗಿಕೊಂಡೇ ಟಿ.ಸಿ. (ವಿದ್ಯುತ್ ಟ್ರಾನ್ಸ್‌ಫಾರ್ಮರ್) ನಿಂತಿದೆ. ಅಥವಾ ಮಗು ಮಲಗುವ ಮಂಚ ಅಪಾರ್ಟ್‌ಮೆಂಟಿನ ಪ್ಯಾನಲ್ ರೂಮಿನ, ಅಂದರೆ ಕರೆಂಟಿನ ಮೇನ್ ಬೋರ್ಡುಗಳಿರುವ ಕೋಣೆಯ, ಗೋಡೆಗೇ ಒರಗಿದೆ. ಅಲ್ಲಿ ಹರಿಯುವ ಕರೆಂಟಿನ ಸುತ್ತ ಹುಟ್ಟುವ ಕಾಂತಕ್ಷೇತ್ರದಿಂದ ತೊಂದರೆಯೇ ಎಂದು ಹೆದರಿ ಕೂರುವ ಬದಲು ಒಮ್ಮೆ ಅಳೆದು ನೋಡಿ.

ಮೊದಲು ಮೀಟರ್. ಮೊಬೈಲ್ ಆ್ಯಪ್ ಇದಕ್ಕೆ ಆಗದು. ಫೋನಿನಲ್ಲಿರುವುದು ದಿಕ್ಸೂಚಿಯ ಸೆನ್ಸರ್. ಊರಾಚೆಯ ಗದ್ದೆಯಲ್ಲಿ ನಿಂತರೂ ಅದು ಸುಮಾರು 40 ಮೈಕ್ರೊಟೆಸ್ಲಾ (ಕಾಂತಕ್ಷೇತ್ರದ ಅಳತೆಮಾನ) ತೋರಿಸುತ್ತದೆ. ಅದು ಭೂಮಿಯದೇ ಕಾಂತಕ್ಷೇತ್ರ. ನಮಗೆ ಬೇಕಾದದ್ದು ಕರೆಂಟಿನ ಜೊತೆ ಸೆಕೆಂಡಿಗೆ 50 ಸಲ ಏರಿಳಿಯುವ ಕ್ಷೇತ್ರ. ಅದಕ್ಕೆ 50 ಹರ್ಟ್ಸ್ ಅಳೆಯುವ ಗಾಸ್‌ಮೀಟರ್ ಬೇಕು, ಮೂರು ದಿಕ್ಕಿನ ಕ್ಷೇತ್ರವನ್ನೂ ಒಟ್ಟಿಗೆ ಅಳೆಯುವ ಮೂರು ಅಕ್ಷದ್ದಾದರೆ ಒಳ್ಳೆಯದು. ಒಂದೇ ಅಕ್ಷದ್ದಾದರೆ ಎಲ್ಲ ದಿಕ್ಕಿಗೂ ತಿರುಗಿಸಿ, ಅತಿ ಹೆಚ್ಚು ಬಂದ ಅಂಕಿಯನ್ನು ಬರೆದುಕೊಳ್ಳಿ. ಮೀಟರ್ ಮಿಲಿಗಾಸ್‌ನಲ್ಲಿ ತೋರಿಸಿದರೆ 10 ಮಿಲಿಗಾಸ್ ಅಂದರೆ 1 ಮೈಕ್ರೊಟೆಸ್ಲಾ.

ಕಾಂತಕ್ಷೇತ್ರ ಹುಟ್ಟುವುದು ವೋಲ್ಟೇಜಿನಿಂದಲ್ಲ, ಆಂಪಿಯರಿನಿಂದ. 100 ಕೆವಿಎ ಟಿ.ಸಿ. ಪೂರ್ತಿ ಲೋಡಿನಲ್ಲಿದ್ದಾಗ ಮೇಲಿನ 11 ಕೆವಿ ತಂತಿಯಲ್ಲಿ ಹರಿಯುವುದು ಬರೀ 5 ಆಂಪಿಯರ್. ಕೆಳಗಿನ 433 ವೋಲ್ಟ್ ಕೇಬಲ್ಲಿನಲ್ಲಿ 133. ಹಾಗಾಗಿ ಗಮನ ಮನೆಗಳ ಕಡೆ ಹೊರಡುವ ಕೇಬಲ್ಲಿನ ಮೇಲಿರಲಿ. ಲೋಡ್ ಹೆಚ್ಚಿರುವ ಹೊತ್ತಲ್ಲೇ ಅಳೆಯಿರಿ: ಬೆಳಿಗ್ಗೆ ಗೀಸರ್ ಹಾಕುವ ಸಮಯ, ಸಂಜೆ ದೀಪ ಹೊತ್ತಿದ ಮೇಲೆ. ಟಿ.ಸಿ. ಬೇಲಿಯೊಳಗೆ ಕೈ ಹಾಕುವುದು, ಪ್ಯಾನಲ್ ಬಾಗಿಲು ತೆರೆಯುವುದು ಮಾತ್ರ ಬೇಡವೇ ಬೇಡ.

ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿಯಿರಿ. ಮಲಗುವ ಕೋಣೆಯಲ್ಲಾದರೆ ದಿಂಬಿನ ಮೇಲೆಯೇ ಇಡಿ. ಗೋಡೆಗೆ ತಾಗಿಸಿ, ಆಮೇಲೆ ಅರ್ಧ, ಒಂದು, ಎರಡು ಮೀಟರ್ ದೂರದಲ್ಲಿ ಓದಿ. ಅಂಕಿ ಸರಸರ ಇಳಿದರೆ ಕಾರಣ ಆಚೆಯ ಉಪಕರಣ. ಕೋಣೆಯಿಡೀ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ವೈರಿಂಗ್ ಮೇಲೆ ಅನುಮಾನ ಪಡಿ. ಫೇಸ್ ಮತ್ತು ನ್ಯೂಟ್ರಲ್ ಜೊತೆಯಾಗಿ ಸಾಗಿದರೆ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ಎಲ್ಲೋ ನ್ಯೂಟ್ರಲ್ ಬೇರೆ ಸರ್ಕ್ಯೂಟಿಗೋ ಅರ್ಥಿಂಗಿಗೋ ಕೂಡಿಕೊಂಡು ಕರೆಂಟ್ ಬೇರೆ ದಾರಿ ಹಿಡಿದು ವಾಪಸಾದರೆ ಈ ಜೋಡಿ ಒಡೆಯುತ್ತದೆ. ಮೇನ್ ಆಫ್ ಮಾಡಿ ನೋಡಿ. ಅಂಕಿ ಬಿದ್ದರೆ ಮೂಲ ನಿಮ್ಮ ಮನೆಯಲ್ಲೇ ಇದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಇದು ಶಾಕ್ ಹೊಡೆಯಬಹುದಾದ ದೋಷವೂ ಹೌದು, ತಡಮಾಡಬೇಡಿ.

ಎಷ್ಟಿದ್ದರೆ ಹೆಚ್ಚು? ಅಯಾನೀಕರಿಸದ ವಿಕಿರಣದಿಂದ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ (ICNIRP) 2010ರಲ್ಲಿ ಜನಸಾಮಾನ್ಯರಿಗೆ ಹೇಳಿದ ಮಿತಿ 200 ಮೈಕ್ರೊಟೆಸ್ಲಾ. ಇದು ನರ, ಸ್ನಾಯುಗಳ ಮೇಲಾಗುವ ತಕ್ಷಣದ ಪರಿಣಾಮಕ್ಕೆ. ದೀರ್ಘಕಾಲದ ವಿಷಯ ಬೇರೆ: ಸರಾಸರಿ 0.3–0.4 ಮೈಕ್ರೊಟೆಸ್ಲಾ ದಾಟಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ತುಸು ಹೆಚ್ಚು ಕಂಡಿದ್ದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2002ರಲ್ಲಿ ಇದನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಪಟ್ಟಿಗೆ ಸೇರಿಸಿತು. ಕಾಂತಕ್ಷೇತ್ರವೇ ಕಾರಣ ಎಂಬುದು ಸಾಬೀತಾಗಿಲ್ಲ. ಒಂದು ಸಲದ ಅಂಕಿ ಸರಾಸರಿಯೂ ಅಲ್ಲ.

ಆದರೂ ದಿಂಬಿನ ಮೇಲೆ ರಾತ್ರಿಯಿಡೀ 2 ಮೈಕ್ರೊಟೆಸ್ಲಾ ಬರುತ್ತಿದ್ದರೆ ನಾನಂತೂ ಮಂಚವನ್ನು ಎದುರು ಗೋಡೆಗೆ ಸರಿಸುತ್ತೇನೆ. ಖರ್ಚಿಲ್ಲದ ಕೆಲಸ. ಇಟ್ಟಿಗೆ, ಕಾಂಕ್ರೀಟು, ತೆಳು ಅಲ್ಯುಮಿನಿಯಂ ಹಾಳೆ ಯಾವುದೂ ಇದನ್ನು ಅಷ್ಟಾಗಿ ತಡೆಯುವುದಿಲ್ಲ, ಮನೆಯಲ್ಲಿ ಸುಲಭದ ದಾರಿ ದೂರವೊಂದೇ. ಸರಿಸಿದ ಮೇಲೆ ಅದೇ ಹೊತ್ತಿಗೆ ದಿಂಬಿನ ಮೇಲೆ ಮೀಟರ್ ಇಟ್ಟು ಇನ್ನೊಮ್ಮೆ ಓದಿ, ಮೊದಲಿನ ಅಂಕಿಯ ಪಕ್ಕ ಬರೆದಿಡಿ.